ಮುಚ್ಚಳ ಕಟ್ಟಿದ ನೀರು

ಶಂಭುಲಿಂಗ ಹಿತ್ತಲಿನಿಂದ ಬಂದಾಗ ಅವನ ಎರಡೂ ಕೈಗೆ ಮಣ್ಣು ಮೆತ್ತಿತ್ತು.

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಇದ್ದವರೇ ಇಬ್ಬರು. ಒಬ್ಬ ಅವನು, ಇನ್ನೊಬ್ಬರು ಅವನ ಗುರು ಅವಿಮುಕ್ತಯ್ಯ. ಗುರುಗಳು ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಏನು ನೆಟ್ಟೆ?" ಎಂದು ಕೇಳಿದರು.

"ಏನೂ ಇಲ್ಲ ಬುದ್ಧಿ."

"ಓಹೋ. ಏನೂ ಇಲ್ಲದ್ದನ್ನ ನೆಟ್ಟು ಬಂದ್ಯಾ."

ಶಂಭುಲಿಂಗ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ. ಮತ್ತೊಮ್ಮೆ ತೊಳೆದ. ಉಗುರಿನ ಸಂದಿಯ ಮಣ್ಣು ಹೋಗಲಿಲ್ಲ.

ಹನ್ನೆರಡು ದಿನದ ಕೆಳಗೆ ಮರಿಮಾದಪ್ಪ ಮೇಷ್ಟ್ರು ಒಂದು ಗಾಜಿನ ತೊಟ್ಟಿ ತಂದು ಮಠದಲ್ಲಿ ಇಟ್ಟು ಹೋಗಿದ್ದರು. ಅದರಲ್ಲಿ ಆರು ಕಿತ್ತಳೆ ಬಣ್ಣದ ಮೀನುಗಳಿದ್ದವು. ಮೇಷ್ಟ್ರು ಊರಿನ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮೀನು ಅವರ ಹೆಂಡತಿ ನೀಲಾಂಬಿಕೆಯವು. ಆಕೆ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡಿದ್ದರು.

ಮೇಷ್ಟ್ರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಮೈಸೂರಿಗೆ ಹೊರಟಿದ್ದರು.

"ಇವು ಮನೆಗೆ ಬರೋ ಹೊತ್ತಿಗೆ ನನ್ನ ಕಣ್ಣು ಮಬ್ಬಾಗಿತ್ತು ಬುದ್ಧಿ," ಎಂದಿದ್ದರು. "ಅವಳು ದಿನಾ ಅದು ಹೀಗಿದೆ ಇದು ಹಾಗಿದೆ ಅಂತ ಹೇಳೋಳು. ನನಗೆ ಕಾಣ್ತಿದ್ದದ್ದು ಬರೀ ಕೆಂಪು. ಕಣ್ಣು ಬಂದ ಮೇಲೆ ಮೊದಲು ಇವನ್ನ ನೋಡ್ಬೇಕು. ಅಲ್ಲೀವರೆಗೆ ಜೋಪಾನ."

ಹೋಗುವಾಗ ಶಂಭುಲಿಂಗನ ಕೈಗೆ ಒಂದು ಚೀಟಿ ಕೊಟ್ಟಿದ್ದರು. ನೀಲಾಂಬಿಕೆಯವರ ಅಕ್ಷರದಲ್ಲಿ ಎರಡೇ ಸಾಲು: ಹತ್ತು ದಿನಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ನೀರು ಹಾಕುವುದು. ನಲ್ಲಿ ನೀರನ್ನು ಒಂದು ದಿನ ಇಟ್ಟು ಹಾಕುವುದು.

ಮೇಷ್ಟ್ರು ವಾಪಸ್ಸು ಬರುವುದು ಈ ದಿನ ಸಂಜೆ ನಾಲ್ಕಕ್ಕೆ.

ಈಗ ಬೆಳಗಿನ ಹತ್ತು ಗಂಟೆ.

ಅವಿಮುಕ್ತಯ್ಯನವರು ಹುಣಸೆಹಣ್ಣಿನ ತಟ್ಟೆಯನ್ನು ಬದಿಗೆ ಸರಿಸಿ ಒಳಗೆ ಹೋದರು. ಶಂಭುಲಿಂಗ ಹಿಂದೆಯೇ ಹೋದ.

ತೊಟ್ಟಿ ಥಳಥಳ ಹೊಳೆಯುತ್ತಿತ್ತು. ಗಾಜಿನ ಮೇಲೆ ಒಂದು ಬೆರಳ ಗುರುತಿಲ್ಲ. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ಆ ನೀರಿನ ಮೇಲ್ಭಾಗಕ್ಕೆ ಮೀನುಗಳು ಬಾಯಿ ಹಚ್ಚಿ ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ಒಂದು ಇದ್ದಕ್ಕಿದ್ದಂತೆ ಓಡಿ ಗಾಜಿಗೆ ತಲೆ ಹೊಡೆದುಕೊಂಡಿತು.

"ಆರು ಇದ್ವಲ್ಲ," ಎಂದರು ಗುರುಗಳು.

"ಇನ್ನೊಂದು ಆ ಕಲ್ಲಿನ ಹಿಂದೆ ಇರಬೇಕು ಬುದ್ಧಿ."

ಗುರುಗಳು ಕಲ್ಲಿನ ಕಡೆ ನೋಡಲಿಲ್ಲ. ಶಿಷ್ಯನ ಉಗುರು ನೋಡಿದರು. ಆಮೇಲೆ ನೀರಿಗೆ ಬೆರಳದ್ದಿ ಮೂಸಿದರು.

"ಹಳೇ ನೀರೆಲ್ಲಿ?"

"ಬಾಳೆ ಬುಡಕ್ಕೆ ಹುಯ್ದೆ."

"ಪೂರ್ತಿ?"

"ತೊಟ್ಟಿ ತೊಳೆಯೋವಾಗ ಮೀನನ್ನ ಬಕೆಟ್ಟಲ್ಲಿ ಬಿಟ್ಟಿದ್ದೆ. ಅದರಲ್ಲಿ ಅರ್ಧ ಇದೆ. ಗಲೀಜು ನೀರು ಬುದ್ಧಿ, ಹಸಿರು ಹಸಿರಾಗಿದೆ, ಒಂಥರಾ ವಾಸನೆ."

"ಚೆಲ್ಲಿಲ್ಲ ತಾನೆ?"

ಮಠಕ್ಕೆ ಬಂದ ಹನ್ನೊಂದು ವರ್ಷದಲ್ಲಿ ಗುರುಗಳ ದನಿಯಲ್ಲಿ ಭಯವನ್ನು ಶಂಭುಲಿಂಗ ಕೇಳಿದ್ದು ಅದೇ ಮೊದಲು. ಅವನು ಓಡಿದ. ಬಕೆಟ್ಟು ನಲ್ಲಿಯ ಕಟ್ಟೆಯ ಕೆಳಗೆ ಇಟ್ಟಲ್ಲೇ ಇತ್ತು. ಅದನ್ನು ಎತ್ತಿಕೊಂಡು ಬಂದ.

ಐದು ಮೀನುಗಳನ್ನೂ ಬೊಗಸೆಯಲ್ಲಿ ಹಿಡಿದು ಆ ಹಸಿರು ನೀರಿಗೆ ಬಿಟ್ಟರು. ಗುರುಗಳು ಬಕೆಟ್ಟಿನ ಪಕ್ಕ ನೆಲದ ಮೇಲೆ ಕುಳಿತರು. ಒಂದು ಸ್ಟೀಲ್ ಲೋಟದಿಂದ ನೀರನ್ನು ಮೊಗೆದು ಒಂದು ಗೇಣು ಎತ್ತರದಿಂದ ಅದೇ ಬಕೆಟ್ಟಿಗೆ ಸುರಿದರು. ಮತ್ತೆ ಮೊಗೆದರು, ಮತ್ತೆ ಸುರಿದರು.

"ಇಷ್ಟು ನೀರಲ್ಲಿ ಇವಕ್ಕೆ ಉಸಿರು ಸಾಲಲ್ಲ," ಎಂದರು. "ಹೊಸ ನೀರು ಬೇಕು. ಬೆಳಗ್ಗೆ ಹಾಕಿದ್ದನ್ನ ಹ್ಯಾಗೆ ಮಾಡಿದೆ, ಹೇಳು."

"ಚೀಟೀಲಿ ಬರೆದ ಹಾಗೇ ಮಾಡ್ದೆ ಬುದ್ಧಿ. ನಿನ್ನೆ ಬೆಳಗ್ಗೆ ನಲ್ಲಿ ನೀರು ಹಿಡಿದಿಟ್ಟೆ. ಒಂದು ದಿನ ಪೂರ್ತಿ ಇಟ್ಟೆ."

"ಯಾವುದರಲ್ಲಿ?"

"ಅಗ್ಗಣಿ ಹಂಡೇಲಿ."

ಅಗ್ಗಣಿ ಎಂದರೆ ಪೂಜೆಗೆ ತರುವ ನೀರು. ಅದಕ್ಕೊಂದು ತಾಮ್ರದ ಕೊಡ, ತುಂಬಿಡಲು ಒಂದು ತಾಮ್ರದ ಹಂಡೆ. ಶಂಭುಲಿಂಗ ಪ್ರತಿದಿನ ಸೂರ್ಯ ಹುಟ್ಟುವ ಮೊದಲು ಯಾರ ಜೊತೆಗೂ ಮಾತಾಡದೆ ಆ ನೀರು ತುಂಬುತ್ತಿದ್ದ. ಧೂಳು ಬೀಳಬಾರದು, ಯಾರ ಉಸಿರೂ ತಾಗಬಾರದು ಎಂದು ಮುಚ್ಚಳ ಹಾಕಿ ಮೇಲೆ ಬಿಳಿ ಬಟ್ಟೆ ಬಿಗಿದು ಕಟ್ಟುತ್ತಿದ್ದ. ಜ್ವರ ಬಂದ ದಿನವೂ ತಪ್ಪಿಸಿರಲಿಲ್ಲ. ಅವನಿಗೆ ಇದ್ದ ಒಂದೇ ಒಂದು ಹೆಮ್ಮೆ ಅದು. ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

"ಮುಚ್ಚಳ?"

"ಹಾಕಿದ್ದೆ ಬುದ್ಧಿ. ಬಟ್ಟೇನೂ ಕಟ್ಟಿದ್ದೆ. ಲಿಂಗಕ್ಕೆ ಹ್ಯಾಗೋ ಇವಕ್ಕೂ ಹಾಗೇ ಮಾಡ್ದೆ. ಸ್ವಲ್ಪ ಹಾಕೋದೇನು, ಮೇಷ್ಟ್ರು ಬರೋ ಹೊತ್ತಿಗೆ ಪೂರ್ತಿ ಹೊಸದಾಗಿರಲಿ ಅಂತ ಎಲ್ಲಾ ನೀರೂ ಬದಲಿಸಿದೆ."

ಗುರುಗಳ ಕೈ ಮೊಗೆಯುತ್ತಲೇ ಇತ್ತು.

"ಆ ಹಂಡೇಲಿ ಯಾವತ್ತಾದ್ರೂ ಪಾಚಿ ಕಟ್ಟಿದ್ದು ನೋಡಿದೀಯಾ?"

"ಇಲ್ಲ."

"ಸೊಳ್ಳೆ ಮರಿ?"

"ಒಂದು ದಿನಾನೂ ಇಲ್ಲ."

"ಯಾವುದೂ ಬದುಕದೇ ಇರೋ ಕಡೆಯಿಂದ ನೀರು ತಂದು ಇವಕ್ಕೆ ಹಾಕಿದ್ಯಲ್ಲಪ್ಪ."

"ಅದೇ ನೀರನ್ನ ನಾವು ದಿನಾ ಕುಡೀತೀವಲ್ಲ ಬುದ್ಧಿ? ನಮಗೇನೂ ಆಗಿಲ್ಲ."

"ನಾವು ಕುಡೀತೀವಿ. ಇವು ಅದರಲ್ಲೇ ಉಸಿರಾಡ್ತವೆ. ನಮ್ಮ ಹೊಟ್ಟೆ ಕೆಡಬಾರದು ಅಂತ ನಲ್ಲಿ ನೀರಿಗೆ ಔಷಧಿ ಹಾಕ್ತಾರೆ. ಅದು ಬಿಸಿಲಿಗೆ, ಗಾಳಿಗೆ ಹೋಗುತ್ತೆ. ಆಯಮ್ಮ ಒಂದು ದಿನ ಇಟ್ಟು ಹಾಕಿ ಅಂದದ್ದು ಅದಕ್ಕೆ. ನೀನು ಅದು ಎಲ್ಲೂ ಹೋಗದ ಹಾಗೆ ಬಟ್ಟೆ ಬಿಗಿದೆ. ಸಾಲದು ಅಂತ ತಾಮ್ರದ ವಿಷ ಬೇರೆ ಸೇರಿತು."

"ಚೀಟೀಲಿ ಮುಚ್ಚಬೇಡಿ ಅಂತ ಬರೆದಿರಲಿಲ್ಲ."

"ಆಯಮ್ಮ ಯಾವತ್ತೂ ಮುಚ್ಚಿರಲಿಲ್ಲ. ಮುಚ್ಚೋರು ಒಬ್ಬರಿರ್ತಾರೆ ಅಂತ ಆಕೆಗೆ ಹ್ಯಾಗೆ ಗೊತ್ತಾಗಬೇಕು?"

"ಹೊಳೆ ನೀರು ತರಲಾ?"

"ಮೇಲಿನ ಊರಿನ ಬಟ್ಟೆ ಸೋಪೆಲ್ಲಾ ಅದರಲ್ಲೇ ಬರ್ತಿದೆ. ಬೇಡ. ದಾಸೋಹದ ಪರಾತ ಎಷ್ಟಿವೆ?"

ಅಮಾವಾಸ್ಯೆಯ ದಾಸೋಹಕ್ಕೆ ಅನ್ನ ಆರಹಾಕುವ ಅಗಲದ ಸ್ಟೀಲ್ ತಟ್ಟೆಗಳು ಅವು. ಶಂಭುಲಿಂಗ ಐದನ್ನು ತಂದ. ಎಣ್ಣೆ, ಸೋಪು ಯಾವುದೂ ಉಳಿಯದಂತೆ ಬರೀ ನೀರಿನಲ್ಲಿ ಮೂರು ಸಲ ತೊಳೆದ. ಅಂಗಳದ ಬಿಸಿಲಲ್ಲಿ ಸಾಲಾಗಿ ಇಟ್ಟು ನಲ್ಲಿ ನೀರು ತುಂಬಿದ.

"ಈಗ ಹುಯ್ಯಿ," ಎಂದರು ಗುರುಗಳು ಒಳಗಿನಿಂದ.

"ಎಲ್ಲಿಗೆ?"

"ಇದರಿಂದ ಅದಕ್ಕೆ. ಅದರಿಂದ ಇದಕ್ಕೆ. ಚೊಂಬಿನಲ್ಲಿ ಎತ್ತಿ, ಎದೆ ಎತ್ತರದಿಂದ. ಗಾಳಿ ತಾಗಬೇಕು."

"ಎಷ್ಟು ಸಲ?"

"ಎಣಿಸಬೇಡ. ವಾಸನೆ ಹೋಗೋವರೆಗೆ."

ಅವನು ಹುಯ್ಯತೊಡಗಿದ. ಬಿಸಿಲು ಏರಿತು. ಮುಖ ನೀರಿನ ಹತ್ತಿರ ತಂದಾಗಲೆಲ್ಲ ಅದೇ ಘಾಟು ಮೂಗಿಗೆ ಬಡಿಯಿತು. ದಿನಾ ಕುಡಿಯುವ ನೀರಲ್ಲಿ ಇಂಥ ವಾಸನೆ ಇದೆ ಎಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ.

ಒಂದು ಗಂಟೆ ಕಳೆಯಿತು. ಭುಜ ಸೋತಿತು. ಅವನು ಒಳಗೆ ಬಂದು ಬಾಗಿಲಲ್ಲಿ ನಿಂತ.

"ಬುದ್ಧಿ, ಅದು ಕಲ್ಲಿನ ಹಿಂದೆ ಇಲ್ಲ."

"ಗೊತ್ತು."

"ಬೆಳಗ್ಗೆ ನೀರು ಹಾಕಿ ಒಂದು ಗಳಿಗೆಗೇ ಹೋಯ್ತು. ಬಿಲ್ವದ ಬುಡದಲ್ಲಿ ಹೂತೆ."

ಲೋಟದ ನೀರು ಬೀಳುವ ಸದ್ದೊಂದೇ ಕೇಳುತ್ತಿತ್ತು.

"ಹನ್ನೆರಡಕ್ಕೆ ಪೇಟೆ ಬಸ್ಸಿದೆ," ಎಂದ ಶಂಭುಲಿಂಗ. ದನಿ ತಗ್ಗಿತ್ತು. "ಪೇಟೇಲಿ ಮೀನಿನ ಅಂಗಡಿ ಇದೆ. ಇಂಥದ್ದೇ, ಇಷ್ಟೇ ದೊಡ್ಡದು ಸಿಗುತ್ತೆ. ಮೂರೂವರೆಗೆ ವಾಪಸ್ ಬಂದುಬಿಡ್ತೀನಿ. ಮೇಷ್ಟ್ರು ಇವನ್ನ ಸರಿಯಾಗಿ ನೋಡೇ ಇಲ್ಲ ಬುದ್ಧಿ. ಆರು ಕಂಡ್ರೆ ಅವರ ಮನಸ್ಸಿಗೆ ನೆಮ್ಮದಿ. ಹೆಂಡತಿ ಸತ್ತ ದುಃಖದ ಮೇಲೆ ಇದೊಂದು ಯಾಕೆ?"

"ಹೋಗ್ತೀಯಾ?"

"ನೀವು ಹೂಂ ಅಂದ್ರೆ."

"ಹೋಗೋನು ನೀನು. ನನ್ನ ಹೂಂ ಯಾಕೆ? ಹೋಗಬೇಡ ಅಂತ ನಾನು ಅನ್ನಲ್ಲ." ಗುರುಗಳು ಲೋಟವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ನಾನು ಇದನ್ನ ಬಿಟ್ಟು ಏಳೋ ಹಾಗಿಲ್ಲ. ನೀನು ಹೋದ್ರೆ ಅಲ್ಲಿ ಅಂಗಳದಲ್ಲಿ ನೀರು ಹುಯ್ಯೋರು ಯಾರು, ಅಷ್ಟು ಹೇಳಿ ಹೋಗು."

ಶಂಭುಲಿಂಗ ನಿಂತಲ್ಲೇ ನಿಂತ. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

"ಇದು ನನಗೆ ಇಟ್ಟ ಪರೀಕ್ಷೆಯಾ ಬುದ್ಧಿ?"

ಅವಿಮುಕ್ತಯ್ಯನವರು ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು.

"ಜೀವ ಇಟ್ಟು ಪರೀಕ್ಷೆ ಮಾಡೋನು ಗುರುವಲ್ಲ, ಕಟುಕ. ನಿನ್ನ ವಿಚಾರ ಈಗ ಇಲ್ಲಿ ಯಾರಿಗೂ ಬೇಕಾಗಿಲ್ಲ. ನೀರಿನ ವಿಚಾರ ನೋಡು."

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಶಂಭುಲಿಂಗ ಬಾಗಿಲ ಹೊಸ್ತಿಲು ದಾಟಿದ. ಮೂಲೆಯಲ್ಲಿದ್ದ ಚಪ್ಪಲಿಯಲ್ಲಿ ಒಂದು ಕಾಲು ಇಟ್ಟ. ಆಗ ಒಳಗೆ ಲೋಟದ ಸದ್ದು ನಿಂತುಹೋಯಿತು.

ತಿರುಗಿ ನೋಡಿದ. ಬಕೆಟ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಮೀನು, ಉದ್ದ ಬಾಲದ್ದು, ಪಕ್ಕಕ್ಕೆ ವಾಲಿ ತೇಲುತ್ತಿತ್ತು. ಗುರುಗಳು ಅದರ ಹೊಟ್ಟೆಯ ಕೆಳಗೆ ಎರಡು ಬೆರಳು ಕೊಟ್ಟು ನೇರ ಮಾಡುತ್ತಿದ್ದರು. ಬೆರಳು ತೆಗೆದರೆ ಅದು ಮತ್ತೆ ವಾಲುತ್ತಿತ್ತು.

ಬಸ್ಸು ಇನ್ನೊಮ್ಮೆ ಹಾರ್ನ್ ಹೊಡೆದು ಹೋಯಿತು. ಶಂಭುಲಿಂಗ ಅಷ್ಟರಲ್ಲಿ ಅಂಗಳದಲ್ಲಿದ್ದ. ಬರಿಗಾಲಲ್ಲಿ, ಕಾದ ಚಪ್ಪಡಿಯ ಮೇಲೆ ನಿಂತು ಚೊಂಬು ಎತ್ತುತ್ತಿದ್ದ. ಒಂದು ಚಪ್ಪಲಿ ಎಲ್ಲೋ ಮಗುಚಿ ಬಿದ್ದಿತ್ತು.

ಒಂದು ಗಂಟೆಗೆ ಮೂಸಿದ. ಘಾಟು ಇತ್ತು.

"ಮಧ್ಯಾಹ್ನದ ಪೂಜೆ ಬುದ್ಧಿ?" ಎಂದು ಕೂಗಿ ಕೇಳಿದ.

"ಲಿಂಗ ಕಾಯುತ್ತೆ. ಇವು ಕಾಯಲ್ಲ."

ಎರಡು ಗಂಟೆಗೆ ಮತ್ತೆ ಮೂಸಿದ. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅವನು ಕಣ್ಣು ಮುಚ್ಚಿ ಮತ್ತೊಮ್ಮೆ ಎಳೆದ. ಇನ್ನೂ ಇತ್ತು. ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

ಎರಡೂವರೆಗೆ ವಾಸನೆ ಸಿಗಲಿಲ್ಲ. ತನ್ನ ಮೂಗಿನ ಮೇಲೆ ಅವನಿಗೆ ನಂಬಿಕೆ ಬರಲಿಲ್ಲ. ಒಂದು ಚೊಂಬು ನೀರು ಒಯ್ದು ಗುರುಗಳಿಗೆ ಕೊಟ್ಟ. ಅವರು ಮೂಸಿದರು. ಮತ್ತೆ ಮೂಸಿದರು.

"ಹೋಗಿದೆ."

"ಹಾಕಿಬಿಡ್ಲಾ?"

"ಮುಟ್ಟಿ ನೋಡು."

ನೀರು ಬೆಚ್ಚಗಿತ್ತು. ಬಕೆಟ್ಟಿನದು ತಣ್ಣಗಿತ್ತು. ಇಷ್ಟು ಹೊತ್ತು ದುಡಿದು ಕೊನೆಗೆ ತಾನೇ ಇವುಗಳನ್ನು ಬೇಯಿಸಿಬಿಡುತ್ತಿದ್ದೆನಲ್ಲ ಎಂದುಕೊಂಡ. ಪರಾತಗಳನ್ನು ನೆರಳಿಗೆ ಎಳೆದ.

ಮೂರೂವರೆಗೆ ಎರಡೂ ನೀರು ಒಂದೇ ಸಮವಾದವು. ಆರಿದ ನೀರನ್ನು ಎರಡು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿದರು. ಅದರಿಂದ ಒಂದು ಲೋಟ ತೆಗೆದು ಬಕೆಟ್ಟಿಗೆ ಹಾಕಿ ನೋಡಿದರು. ಮೀನು ಓಡಲಿಲ್ಲ. ಇನ್ನೊಂದು ಲೋಟ ಹಾಕಿದರು. ಇಬ್ಬರೂ ಬಕೆಟ್ಟಿನ ಮೇಲೆ ಬಗ್ಗಿ ಕಾದರು. ಮತ್ತೊಂದು ಹಾಕಿದರು.

ನಾಲ್ಕು ಮೀನು ಮೇಲಿನಿಂದ ಕೆಳಗಿಳಿದವು. ದೊಡ್ಡದು ಗುರುಗಳ ಬೆರಳಿನ ಮೇಲೆ ಹಾಗೇ ಇತ್ತು.

ಆಗ ಹೊರಗೆ ಆಟೋ ನಿಂತ ಸದ್ದಾಯಿತು.

ಮರಿಮಾದಪ್ಪ ಮೇಷ್ಟ್ರು ಕಪ್ಪು ಕನ್ನಡಕ ಹಾಕಿಕೊಂಡು, ಹೊಸ ಬಿಳಿ ಅಂಗಿ ತೊಟ್ಟು ಬಂದರು. ಮುಖದಲ್ಲಿ ಮದುವೆಗೆ ಬಂದವರ ಸಂಭ್ರಮವಿತ್ತು.

"ಬುದ್ಧಿ, ನಿಮ್ಮ ಗಡ್ಡ ಇಷ್ಟು ಬೆಳ್ಳಗಾಗಿದೆಯಾ! ನನಗೆ ಗೊತ್ತೇ ಇರಲಿಲ್ಲ. ಎಲ್ಲಿ, ಎಲ್ಲಿ ಅವು?"

ಬಕೆಟ್ಟಿನ ಹತ್ತಿರ ಮಂಡಿಯೂರಿದರು. ಕನ್ನಡಕ ತೆಗೆದರು.

"ಅಬ್ಬಾ," ಎಂದರು. "ಕೆಂಪಲ್ಲ. ಕೆಂಪಲ್ಲವೇ ಅಲ್ಲ. ಇದು ಒಲೆ ಕೆಂಡದ ಬಣ್ಣ, ಅಂಚಿಗೆ ಹಳದಿ ಇದೆ ನೋಡಿ. ಅವಳು ಸೊಪ್ಪಿನ ಹೆಸರು ಇಟ್ಟಿದ್ಲು ಬುದ್ಧಿ. ದಂಟು, ಮೆಂತ್ಯ, ಹರಿವೆ, ಬಸಳೆ, ಸಬ್ಬಸಿಗೆ, ಪಾಲಕ್. ಉದ್ದ ಬಾಲದ್ದು ಬಸಳೆ. ಇದೇ ಇರ್ಬೇಕು. ಯಾಕೆ ಮಲಗಿದೆ?"

ಅವರ ಬೆರಳು ಒಂದೊಂದಾಗಿ ಮೀನಿನ ಮೇಲೆ ಹೋಯಿತು. ಐದಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಹೋಯಿತು.

ಶಂಭುಲಿಂಗ ಗುರುಗಳ ಕಡೆ ನೋಡಿದ. ಗುರುಗಳು ಬಕೆಟ್ಟಿನಿಂದ ಕಣ್ಣೆತ್ತಲಿಲ್ಲ.

"ಒಂದು ನನ್ನ ಕೈಯಲ್ಲಿ ಸತ್ತುಹೋಯ್ತು ಮೇಷ್ಟ್ರೇ," ಎಂದ ಶಂಭುಲಿಂಗ. "ಬೇರೆ ಯಾರ ತಪ್ಪೂ ಇಲ್ಲ. ನೀರನ್ನ ತಾಮ್ರದ ಹಂಡೇಲಿ ಮುಚ್ಚಿಟ್ಟು ಹಾಕಿದೆ. ಎಲ್ಲಾ ನೀರೂ ಬದಲಿಸಿದೆ. ಉಳಿದವೂ ಹೋಗ್ತಿದ್ವು. ಇದು ಇನ್ನೂ ಏನಾಗುತ್ತೋ ಗೊತ್ತಿಲ್ಲ."

ಮೇಷ್ಟ್ರ ಮುಖದ ಸಂಭ್ರಮ ಇಳಿದುಹೋಯಿತು.

"ಯಾವುದು?" ಎಂದರು.

"ಹೆಸರು ನನಗೆ ಗೊತ್ತಿಲ್ಲ. ಬೆನ್ನ ಮೇಲೆ ಒಂದು ಬಿಳಿ ಮಚ್ಚೆ ಇತ್ತು."

"ಮೆಂತ್ಯ," ಎಂದರು ಮೇಷ್ಟ್ರು. "ಮೆಂತ್ಯಕ್ಕೆ ಬೆನ್ನ ಮೇಲೆ ಅಕ್ಕಿಕಾಳಿನ ಹಾಗೆ ಮಚ್ಚೆ ಇದೆ ಅಂತ ಅವಳು ಹೇಳ್ತಾನೇ ಇದ್ಲು. ನಾಲ್ಕು ವರ್ಷ ಹೇಳಿದ್ಲು. ಬಸ್ಸಲ್ಲಿ ಬರ್ತಾ ಅದನ್ನೇ ನೆನೆಸ್ಕೊಂಡು ಬಂದೆ. ಮೊದಲು ಆ ಮಚ್ಚೆ ನೋಡ್ಬೇಕು ಅಂತ."

ಶಂಭುಲಿಂಗನಿಗೆ ಹನ್ನೆರಡು ಗಂಟೆಯ ಬಸ್ಸು ನೆನಪಾಯಿತು.

"ಎಲ್ಲಿಟ್ರಿ?"

"ಹಿತ್ತಲಲ್ಲಿ. ಬಿಲ್ವದ ಬುಡದಲ್ಲಿ."

"ತೋರಿಸಿ."

ಶಂಭುಲಿಂಗ ಬಿಲ್ವದ ಬುಡದಲ್ಲಿ ಕುಳಿತು ಬೆಳಗ್ಗೆ ಮುಚ್ಚಿದ್ದ ಮಣ್ಣನ್ನು ಕೈಯಿಂದಲೇ ಬಗೆದ. ಒಡೆದ ಬೊಬ್ಬೆಗೆ ಮಣ್ಣು ತಾಗಿ ಉರಿಯಿತು. ಮೀನನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿ ಅಂಗೈಯಲ್ಲಿ ಹಿಡಿದ.

ಬಣ್ಣ ಮಾಸಿತ್ತು. ಮಚ್ಚೆ ಮಾಸಿರಲಿಲ್ಲ.

ಮೇಷ್ಟ್ರು ಬಗ್ಗಿ ನೋಡಿದರು. ಹೊಸ ಕಣ್ಣಿನಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದವರು, ಕಣ್ಣು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ಇಳಿಸಿದರು. ನೀರು ತಾನಾಗಿ ಕೆನ್ನೆಗೆ ಇಳಿಯಿತು.

"ಹೌದು," ಎಂದರು. "ಅಕ್ಕಿಕಾಳೇ."

ಶಂಭುಲಿಂಗ ಅದನ್ನು ಮತ್ತೆ ಮಣ್ಣಿಗೆ ಇಟ್ಟ. ಮೇಷ್ಟ್ರು ಒಂದು ಹಿಡಿ ಮಣ್ಣು ಹಾಕಿದರು.

ಇಬ್ಬರೂ ಒಳಗೆ ಬರುವ ಹೊತ್ತಿಗೆ ಗುರುಗಳು ಬಕೆಟ್ಟಿನಿಂದ ಕೈ ಹೊರಗೆ ತೆಗೆದಿದ್ದರು. ನೆನೆದು ಸುಕ್ಕಾದ ಬೆರಳುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಬಸಳೆ ಸ್ವಲ್ಪ ಓರೆಯಾಗಿ, ಆದರೆ ತಾನೇ ನಿಂತಿತ್ತು. ಬಾಲ ಮೆಲ್ಲಗೆ ಆಡುತ್ತಿತ್ತು.

ಮೇಷ್ಟ್ರು ಅದನ್ನು ನೋಡಿದರು. ಶಂಭುಲಿಂಗನ ಅಂಗೈಯನ್ನೂ ನೋಡಿದರು. ಕ್ಷಮಿಸಿದೆ ಎಂದು ಹೇಳಲಿಲ್ಲ.

"ಒಂದು ತಿಂಗಳು ಭಾರ ಎತ್ತಬಾರದು ಅಂದಿದಾರೆ ಡಾಕ್ಟ್ರು," ಎಂದರು. "ಇವಕ್ಕೆ ನೀರು ಹಾಕೋಕೆ ಯಾರಾದ್ರೂ ಬೇಕು. ಹ್ಯಾಗೆ ಹಾಕಬೇಕು ಅಂತ ಗೊತ್ತಿರೋರು."

"ನಾನು ಬರ್ತೀನಿ ಮೇಷ್ಟ್ರೇ."

"ಸರಿ. ಬನ್ನಿ."

ಖಾಲಿ ಗಾಜಿನ ತೊಟ್ಟಿಯನ್ನೂ ನೀರಿನ ಡ್ರಮ್ಮುಗಳನ್ನೂ ಆಟೋದ ಹಿಂಬದಿಗೆ ಕಟ್ಟಿದರು. ಮೇಷ್ಟ್ರು ಹತ್ತಿ ಕುಳಿತರು. ಶಂಭುಲಿಂಗ ಪಕ್ಕದಲ್ಲಿ ಕುಳಿತು ಮೀನಿನ ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಊರೊಳಗಿನ ರಸ್ತೆ ತುಂಬ ಗುಂಡಿ. ಅವನ ಕೈ ತನಗೆ ತಾನೇ ಬೆಳಗ್ಗೆ ಹಂಡೆಯಿಂದ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದ ಬಿಳಿ ಬಟ್ಟೆಗೆ ಹೋಯಿತು. ಅದನ್ನು ಬಿಡಿಸಿ ಬಕೆಟ್ಟಿನ ಬಾಯಿಗೆ ಹಿಡಿದ. ಅಲ್ಲಿಗೆ ನಿಲ್ಲಿಸಿದ.

ಆಟೋ ಪಕ್ಕದಲ್ಲಿ ನಿಂತಿದ್ದ ಗುರುಗಳ ಮುಖ ನೋಡಿದ.

"ಮುಚ್ಚದೇ ಹೋದ್ರೆ ದಾರೀಲಿ ಚೆಲ್ಲುತ್ತೆ ಬುದ್ಧಿ. ಮೈಮೇಲೆಲ್ಲಾ ಆಗುತ್ತೆ. ಊರೆಲ್ಲಾ ನೋಡುತ್ತೆ."

ಅವಿಮುಕ್ತಯ್ಯನವರು ಅವನ ಕೈಯಿಂದ ಬಟ್ಟೆ ತೆಗೆದುಕೊಂಡರು.

"ಚೆಲ್ಲಲಿ ಬಿಡು. ಉಳಿದ ನೀರಲ್ಲಿ ಅವು ಬದುಕ್ತವೆ."